ಸಾದಾ ಪೆಟ್ರೋಲಾ, ಪ್ರೀಮಿಯಂ ಪೆಟ್ರೋಲಾ? ಗಂಗಾವತಿ ಕಡೆಯ ಬಂಕುಗಳಲ್ಲಿ ಹಾಕಿಸಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ಈಗ ಬಂಕಿನ ಸಾದಾ ಪೆಟ್ರೋಲಲ್ಲಿ 20 ಪರ್ಸೆಂಟ್‌ವರೆಗೆ ಎಥೆನಾಲ್ (ಕಬ್ಬು, ಧಾನ್ಯದಿಂದ ಮಾಡುವ ಆಲ್ಕೋಹಾಲ್) ಬೆರೆಸಿರುತ್ತಾರೆ, ಇದನ್ನೇ ಇ20 ಅನ್ನುವುದು. ಅದಕ್ಕೆ ಹೆದರಿ ಹಳೇ ಗಾಡಿಗೆ ಪ್ರೀಮಿಯಂ ಪೆಟ್ರೋಲ್ ಹಾಕಿಸುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಆ ದುಡ್ಡು ಉಳಿಸಿ. "ಪ್ರೀಮಿಯಂ ಹಾಕ್ಸ್ರಿ ಅಣ್ಣಾ, ಅದ್ರಾಗ ಎಥೆನಾಲ್ ಇರಂಗಿಲ್ಲ" ಅನ್ನೋ ಮಾತು ಗಂಗಾವತಿಯ ಮೆಕ್ಯಾನಿಕ್ ಅಂಗಡಿಗಳಲ್ಲಿ ಸಿಕ್ಕಾಪಟ್ಟೆ ಓಡಾಡುತ್ತಿದೆ. ಆದರೆ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವ ಪ್ರೀಮಿಯಂನಲ್ಲೂ ಎಥೆನಾಲ್ ಇದೆ.

ನಂಬಿಕೆ ಬರದಿದ್ದರೆ ನೀವೇ ನೋಡಬಹುದು. ಗೆರೆ ಹಾಕಿದ ಗಾಜಿನ ಅಳತೆಯಲ್ಲಿ 10 ಎಂಎಲ್ ನೀರು, ಮೇಲೆ 90 ಎಂಎಲ್ ಪೆಟ್ರೋಲ್ ಹಾಕಿ, ಬಾಯಿ ಮುಚ್ಚಿ ಅಲ್ಲಾಡಿಸಿ, ಸ್ವಲ್ಪ ಹೊತ್ತು ಬಿಡಿ. ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿಗೆ ಸೇರಿಕೊಳ್ಳುತ್ತದೆ, ಹಾಗಾಗಿ ಕೆಳಗಿನ ಪದರ ದಪ್ಪ ಆಗುತ್ತದೆ. ಸಾದಾ ಪೆಟ್ರೋಲಲ್ಲಿ ಅದು 25ರ ಗೆರೆ ದಾಟಿತು. 95 ಆಕ್ಟೇನ್ (ಎಂಜಿನ್ ಬಡಿತ ತಡೆಯುವ ಗುಣದ ಅಳತೆ) ಪ್ರೀಮಿಯಂನಲ್ಲೂ ದಾಟಿತು, ಅಷ್ಟೇ ಎತ್ತರಕ್ಕೆ. (ಇದನ್ನು ಬಯಲಲ್ಲೇ ಮಾಡಿ, ಹತ್ತಿರ ಬೆಂಕಿ, ಬೀಡಿ ಏನೂ ಇರಬಾರದು.)

ಮೈಲೇಜ್ ನೋಡಿದ್ದು ಎರಡು ಗಾಡಿಯಲ್ಲಿ. ಒಂದು ನನ್ನ ಹಳೇ ಸ್ಪ್ಲೆಂಡರ್, ಕಾರ್ಬುರೇಟರ್‌ದು. ಇನ್ನೊಂದು ಮನೆಯವರ ಸ್ಕೂಟರ್, 2023ರ ನಂತರ ತೆಗೆದುಕೊಂಡದ್ದು, ಇ20ಗೆ ಅಂತಲೇ ಮಾಡಿದ್ದು. ಟ್ಯಾಂಕ್ ಫುಲ್ ಮಾಡಿಸಿ, ಕಾರಟಗಿ ರಸ್ತೆಯಲ್ಲೇ ಓಡಿಸಿ, ಮತ್ತೆ ಅದೇ ಬಂಕಲ್ಲಿ ಫುಲ್ ಮಾಡಿಸಿ ಲೆಕ್ಕ ಹಾಕುವುದು, ಗಾಲಿಗೆ ಗಾಳಿ ಮಾತ್ರ ಪ್ರತಿ ಸಲ ಒಂದೇ ಇರಬೇಕು. ಸ್ಪ್ಲೆಂಡರ್ ಮೊದಲು ಲೀಟರಿಗೆ 61ರ ಹತ್ತಿರ ಕೊಡುತ್ತಿತ್ತು. ಈಗ ಸಾದಾ ಪೆಟ್ರೋಲಲ್ಲಿ 58. ಪ್ರೀಮಿಯಂನಲ್ಲಿ ಅರ್ಧ ಕಿಲೋಮೀಟರ್ ಜಾಸ್ತಿ ಬಂದಿರಬಹುದು, ಅದನ್ನು ಜಾಸ್ತಿ ಅಂತ ಕರೆಯೋಕೂ ಆಗಲ್ಲ. ಅದಕ್ಕೆ ಲೀಟರಿಗೆ ಏಳೆಂಟು ರೂಪಾಯಿ ಹೆಚ್ಚು ಕೊಡಬೇಕಾಯಿತು! ಸ್ಕೂಟರ್‌ನಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ.

ಯಾಕೆ ಹೀಗೆ ಅಂದರೆ, ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ ಇರುತ್ತದೆ. ನೀತಿ ಆಯೋಗದ 2021ರ ವರದಿಯೇ ಇ20 ಹಾಕಿದರೆ ಹಳೇ ದ್ವಿಚಕ್ರ ವಾಹನಗಳಿಗೆ 3ರಿಂದ 4, ಹಳೇ ಕಾರುಗಳಿಗೆ 6ರಿಂದ 7 ಪರ್ಸೆಂಟ್ ಮೈಲೇಜ್ ಇಳಿಯುತ್ತದೆ ಅಂತ ಬರೆದಿದೆ. ಹೊಸ ಗಾಡಿಯಲ್ಲಿ ಸೆನ್ಸರ್ ನೋಡಿಕೊಂಡು ಎಷ್ಟು ಪೆಟ್ರೋಲ್ ಬಿಡಬೇಕು ಅಂತ ತಾನೇ ಸರಿಮಾಡಿಕೊಳ್ಳುತ್ತದೆ, ಕಾರ್ಬುರೇಟರ್‌ಗೆ ಅದು ಗೊತ್ತಾಗಲ್ಲ. ಇನ್ನು ಆಕ್ಟೇನ್ ವಿಷಯ. ಎಥೆನಾಲ್ ಬೆರೆತ ಮೇಲೆ ಸಾದಾ ಪೆಟ್ರೋಲೇ 91ರಿಂದ 95ಕ್ಕೆ ಏರಿದೆ ಅಂತ ಪೆಟ್ರೋಲಿಯಂ ಸಚಿವಾಲಯ 2025ರಲ್ಲಿ ಹೇಳಿದೆ. ಹಾಗಿದ್ದ ಮೇಲೆ 95ಕ್ಕೆ ಅಂತ ಬೇರೆ ದುಡ್ಡು ಯಾಕೆ ಕೊಡಬೇಕು ಹೇಳಿ?

ನಿಜವಾದ ವ್ಯತ್ಯಾಸ ನನಗೆ ಕಂಡದ್ದು ಸಾದಾ–ಪ್ರೀಮಿಯಂ ನಡುವೆ ಅಲ್ಲ, ಬಂಕಿನಿಂದ ಬಂಕಿಗೆ. ಊರೊಳಗೆ ದಿನವಿಡೀ ಗಾಡಿ ಸಾಲು ನಿಲ್ಲುವ ಬಂಕಲ್ಲಿ ಪೆಟ್ರೋಲ್ ಬಂದಂಗೆ ಖಾಲಿ ಆಗುತ್ತದೆ, ಅಲ್ಲಿ ಹಾಕಿಸಿದಾಗ ಒಮ್ಮೆಯೂ ತೊಂದರೆ ಆಗಲಿಲ್ಲ. ಕಾಲುವೆ ಕಡೆ ಹಳ್ಳಿ ರಸ್ತೆಯಲ್ಲಿ ವ್ಯಾಪಾರ ಕಡಿಮೆ ಇರುವ ಒಂದು ಬಂಕಲ್ಲಿ ಮಳೆಗಾಲದಲ್ಲಿ ಹಾಕಿಸಿದೆ, ಮರುದಿನ ಬೆಳಿಗ್ಗೆ ಚೋಕ್ ಎಳೆದರೂ ಗಾಡಿ ಗುಕ್ಕು ಗುಕ್ಕು ಅಂತ ನಿಂತುಹೋಯಿತು, ಮೆಕ್ಯಾನಿಕ್ ಕಾರ್ಬುರೇಟರ್ ಕೆಳಗಿನ ಸ್ಕ್ರೂ ಬಿಚ್ಚಿದಾಗ ಮೊದಲು ಬಂದದ್ದೇ ನೀರು. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಸ್ವಲ್ಪ ಇದ್ದರೆ ಹೇಗೋ ಉರಿದು ಹೋಗುತ್ತದೆ. ಜಾಸ್ತಿ ಆದರೆ ನೀರೂ ಎಥೆನಾಲೂ ಸೇರಿಕೊಂಡು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಎಂಜಿನ್‌ಗೆ ಹೋಗುವ ಪೈಪ್ ಇರುವುದೂ ತಳದಲ್ಲೇ. ಬಂಕಿನ ನೆಲದೊಳಗಿನ ಟ್ಯಾಂಕಿಗೂ ಇದೇ ಮಾತು. ಅನುಮಾನ ಬಂದರೆ ಫಿಲ್ಟರ್ ಪೇಪರ್ ಟೆಸ್ಟ್ (ಕಲಬೆರಕೆ ಇದೆಯಾ ಅಂತ), ಡೆನ್ಸಿಟಿ (ಸಾಂದ್ರತೆ), ಐದು ಲೀಟರ್ ಅಳತೆ (ಪಂಪ್ ಸರಿಯಾಗಿ ಅಳೆಯುತ್ತದೆಯಾ ಅಂತ), ಮೂರನ್ನೂ ಬಂಕಲ್ಲಿ ಕೇಳಿ ಮಾಡಿಸಬಹುದು. ಗ್ರಾಹಕರಿಗೆ ಆ ಹಕ್ಕಿದೆ, ಸಂಕೋಚ ಬೇಡ.

ಪ್ರೀಮಿಯಂಗೆ ಹೋಗುತ್ತಿದ್ದ ದುಡ್ಡಲ್ಲಿ ನಾನು ಹಳೇ ರಬ್ಬರ್ ಪೆಟ್ರೋಲ್ ಪೈಪ್ ಬದಲಾಯಿಸಿದೆ (ಎಥೆನಾಲ್‌ಗೆ ಹಳೇ ರಬ್ಬರ್ ಬೇಗ ಕೆಡುತ್ತದೆ), ಕಾರ್ಬುರೇಟರ್ ಕ್ಲೀನ್ ಮಾಡಿಸಿ ಟ್ಯೂನ್ ಮಾಡಿಸಿದೆ. ಗಾಡಿ ಓಡಿಸದೆ ವಾರಗಟ್ಟಲೆ ನಿಲ್ಲಿಸುವಾಗ ಟ್ಯಾಂಕ್ ಅರ್ಧ ಖಾಲಿ ಬಿಡುವುದಿಲ್ಲ, ಖಾಲಿ ಜಾಗದ ಗಾಳಿಯಲ್ಲೂ ತೇವ ಇರುತ್ತಲ್ಲ. ಬೆಳಗಿನ ಸ್ಟಾರ್ಟಿಂಗ್ ತೊಂದರೆ ಹೋಯಿತು. ಇದನ್ನು ಪ್ರೀಮಿಯಂ ಪೆಟ್ರೋಲ್ ಮಾಡಿಕೊಟ್ಟಿರಲಿಲ್ಲ.

ಎಥೆನಾಲ್ ಇಲ್ಲದ್ದು ಅಂತ ಇರುವುದು ಇಂಡಿಯನ್ ಆಯಿಲ್‌ನ ಎಕ್ಸ್‌ಪಿ 100ನಂಥ 100 ಆಕ್ಟೇನ್ ಪೆಟ್ರೋಲ್. ಅದನ್ನು ನಾನು ಹಾಕಿಸಿ ನೋಡಿಲ್ಲ. 2020ರಲ್ಲಿ ದೆಹಲಿಯಲ್ಲಿ ಬಿಟ್ಟಾಗಲೇ ಲೀಟರಿಗೆ 160 ರೂಪಾಯಿ ಇತ್ತು, ದೊಡ್ಡ ಎಂಜಿನ್‌ಗಳಿಗೆ ಅಂತ ಮಾಡಿದ್ದು. ಸ್ಪ್ಲೆಂಡರ್‌ಗೆ ಅದರ ಯೋಚನೆಯೇ ಬೇಡ.

ಎಥೆನಾಲ್ ಬೇಡ ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಕಬ್ಬು, ಅಕ್ಕಿಯ ಜೊತೆಗೆ ನಮ್ಮ ಯಲಬುರ್ಗಾ, ಕುಷ್ಟಗಿ ರೈತರು ಬೆಳೆಯುವ ಮೆಕ್ಕೆಜೋಳವೂ ಹೋಗುತ್ತದೆ. ಅವರಿಗೆ ಒಳ್ಳೆ ರೇಟ್ ಸಿಕ್ಕರೆ ಮೈಲೇಜ್‌ನಲ್ಲಿ ಎರಡು ಮೂರು ಕಿಲೋಮೀಟರ್ ಕಳೆದುಕೊಳ್ಳಲು ನಾನು ಖುಷಿಯಿಂದ ತಯಾರು. ಆದರೆ 2025ರಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ಅಂತ ಇದ್ದರೂ ರೈತರು ಅದಕ್ಕಿಂತ ಬಹಳ ಕಡಿಮೆಗೆ ಮಾರಿ ಬೀದಿಗಿಳಿಯಬೇಕಾಯಿತು. ಇತ್ತ ಬಂಕಲ್ಲಿ ಹಾಕಿಸುವವರಿಗೂ ರೇಟ್ ಇಳಿಯಲಿಲ್ಲ. ಶಕ್ತಿ ಕಡಿಮೆ ಇರುವ ಪೆಟ್ರೋಲ್‌ಗೆ ಬೆಲೆಯೂ ಅಷ್ಟು ಕಡಿಮೆ ಇರಬೇಕು, ಮತ್ತೆ ಪ್ರತಿ ಪಂಪಿನ ಮೇಲೆ, ಪ್ರೀಮಿಯಂ ಪಂಪಿನ ಮೇಲೂ, ಎಥೆನಾಲ್ ಎಷ್ಟು ಪರ್ಸೆಂಟ್ ಅಂತ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದಿರಬೇಕು.