ಆಟಿ ಮಳೆಗೆ ಯಾವುದು ನಿಲ್ಲುತ್ತದೆ? ಪುಡಿ, ಸ್ಪ್ರೇ, ನೆಬುಲೈಸರ್

ನಮ್ಮ ಮನೆಯಲ್ಲಿ ಉಬ್ಬಸದವರು ಇಬ್ಬರು. ನನಗೆ ಕಾಲೇಜು ದಿನಗಳಿಂದ ಆಸ್ತಮಾ. ಅತ್ತೆಗೆ ನಲವತ್ತು ವರ್ಷ ಸೌದೆ ಒಲೆ ಊದಿದ್ದಕ್ಕೆ ಸಿಕ್ಕಿದ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಬಿಡದೆ ಕಾಡುವ ಕಾಯಿಲೆ. ಮನೆ ಉಡುಪಿಯ ಸಂತೆಕಟ್ಟೆ ಹತ್ತಿರ, ನನ್ನ ಕೆಲಸ ಮಂಗಳೂರಲ್ಲಿ, ದಿನಾ ಬಸ್ಸು. ಯಾವ ಮದ್ದು, ಎಷ್ಟು ಎನ್ನುವುದು ಡಾಕ್ಟ್ರಿಗೆ ಬಿಟ್ಟದ್ದು. ನಾನು ಬರೆಯುತ್ತಿರುವುದು ಆ ಮದ್ದನ್ನು ಎದೆಗೆ ಮುಟ್ಟಿಸುವ ಸಾಧನಗಳ ಬಗ್ಗೆ ಮಾತ್ರ.

ನಮ್ಮ ಮನೆಗೆ ಮೊದಲು ಬಂದದ್ದು ಪುಡಿಯ ಇನ್ಹೇಲರ್. ಕ್ಯಾಪ್ಸೂಲನ್ನು ತೂತಿಗೆ ಸಿಕ್ಕಿಸಿ, ಬುಡ ತಿರುಗಿಸಿ, ಜೋರಾಗಿ ಎಳೆದುಕೊಳ್ಳುವುದು. ಅಂಗೈಯಲ್ಲಿ ಅಡಗುತ್ತದೆ, ಬಸ್ಸಿನಲ್ಲಿ ಪಕ್ಕದವರಿಗೆ ಗೊತ್ತೇ ಆಗುವುದಿಲ್ಲ. ಮದ್ದಿಗೆ ಲ್ಯಾಕ್ಟೋಸ್ ಬೆರೆಸಿರುವುದರಿಂದ ನಾಲಿಗೆಗೆ ಸಣ್ಣ ಸಿಹಿ. ಪುಡಿ ಬಂತು ಅಂತ ನನಗೆ ಅದರಿಂದಲೇ ಗೊತ್ತಾಗುವುದು. ಡಿಸೆಂಬರಿನಿಂದ ಮೇವರೆಗೆ ಇದರಷ್ಟು ಸುಖ ಬೇರೆ ಇಲ್ಲ.

ಜೂನ್ ಬರಬೇಕು ಮಾರಾಯ್ರೆ. ಚಪ್ಪಲಿಗೂ ಬೆಲ್ಟಿಗೂ ಬೂಷ್ಟು ಹಿಡಿಯುವ ಊರಲ್ಲಿ ಪುಡಿ ಪುಡಿಯಾಗಿಯೇ ಉಳಿಯುತ್ತದೆಯೇ? ಆಟಿಯ, ಅಂದರೆ ತುಳುನಾಡಿನ ಜಡಿಮಳೆ ತಿಂಗಳಿನ, ಒಂದು ಬೆಳಿಗ್ಗೆ ಎಷ್ಟು ಎಳೆದರೂ ಸಿಹಿ ತಾಗಲಿಲ್ಲ. ಬಿಚ್ಚಿ ನೋಡಿದರೆ ಕ್ಯಾಪ್ಸೂಲಿನ ಅರ್ಧ ಹೋಳಿನಲ್ಲಿ ಪುಡಿ ಒದ್ದೆ ಸುಣ್ಣದ ಹಾಗೆ ಅಂಟಿಕೊಂಡು ಕೂತಿತ್ತು. ತಪ್ಪು ನನ್ನದೂ ಉಂಟು: ಡಬ್ಬಿಯ ಮುಚ್ಚಳ ಬಿಗಿ ಮಾಡದೆ ಬಚ್ಚಲಿನ ಪಕ್ಕದ ಕಪಾಟಿನಲ್ಲಿ ಇಟ್ಟಿದ್ದೆ, ಸಾಧನವನ್ನು ತೊಳೆದು ಒಣಗುವ ಮೊದಲೇ ಬಳಸಿದ್ದೆ. ಅದರೊಳಗೆ ಉಸಿರು ಬಿಟ್ಟರೂ ಇದೇ ಗತಿ.

ಅತ್ತೆಗಂತೂ ಪುಡಿ ಆಗಿಬರಲೇ ಇಲ್ಲ. ಪುಡಿ ಒಳಗೆ ಹೋಗುವುದು ನಮ್ಮ ಎಳೆತದ ಬಲದಿಂದ. ದಮ್ಮು ಕಟ್ಟಿದಾಗ ಇಲ್ಲದಿರುವುದು ಆ ಬಲವೇ. ಅದಕ್ಕೂ ಮೊದಲು ಒಂದು ಎಡವಟ್ಟಾಗಿತ್ತು. ಮೆಡಿಕಲ್‌ನವರು ಡಬ್ಬಿ ಕೊಟ್ಟು "ದಿನಕ್ಕೆ ಎರಡು" ಎಂದಷ್ಟೇ ಹೇಳಿದ್ದರು. ಅತ್ತೆ ನಾಲ್ಕು ದಿನ ಕ್ಯಾಪ್ಸೂಲನ್ನು ಗಂಜಿ ತಿಳಿಯಲ್ಲಿ ನುಂಗಿದ್ದರು! "ಮದ್ದು ತಾಗುದೇ ಇಲ್ಲ ಮಾರಾಯ್ತಿ" ಅಂದಾಗಲೇ ನನಗೆ ಗೊತ್ತಾದದ್ದು.

ಒತ್ತುವ ಸ್ಪ್ರೇ ಹಳೆಯ ಕುಳ, 1956ರಿಂದ ಮಾರುಕಟ್ಟೆಯಲ್ಲಿದೆ. ಓಝೋನ್ ಪದರ ಉಳಿಸಲು ಒಳಗಿನ ಸಿಎಫ್‌ಸಿ ಗ್ಯಾಸನ್ನು ಬದಲಾಯಿಸಿದರು, ಒತ್ತುವ ಉಪಾಯ ಅದೇ. ಮದ್ದು ಲೋಹದ ಡಬ್ಬಿಯೊಳಗೆ ಭದ್ರ, ಮಳೆಗೆ ಜಗ್ಗುವುದಿಲ್ಲ. ತೊಂದರೆ ನಮ್ಮ ಕೈಯದ್ದು. ನಾನು ಬಹಳ ಕಾಲ ಮೊದಲು ಒತ್ತಿ ಆಮೇಲೆ ಎಳೆಯುತ್ತಿದ್ದೆ, ಮದ್ದೆಲ್ಲ ಗಂಟಲಿಗೆ. ಕುಲುಕಿ, ಉಸಿರು ಪೂರ್ತಿ ಬಿಟ್ಟು, ನಿಧಾನ ಎಳೆಯಲು ಶುರು ಮಾಡುವಾಗಲೇ ಒತ್ತಿ, 10 ಸೆಕೆಂಡು ಹಿಡಿದುಕೊಳ್ಳಬೇಕು. ಪುಡಿಗೆ ಜೋರು, ಸ್ಪ್ರೇಗೆ ನಿಧಾನ. ಎರಡನ್ನೂ ಇಟ್ಟುಕೊಂಡವರು ಎಡವುವುದು ಇಲ್ಲೇ.

ಈ ತಾಳ ಕೂಡಿಸುವ ಕಷ್ಟ ತಪ್ಪಿಸಿದ್ದು ಸ್ಪೇಸರ್. ನೋಡಲಿಕ್ಕೆ ಎಂತದೂ ಇಲ್ಲ, ಒಂದು ಪ್ಲಾಸ್ಟಿಕ್ ಕೊಳವೆ. ಒತ್ತಿದ ಮದ್ದು ಅದರೊಳಗೆ ಮಂಜಿನ ಹಾಗೆ ನಿಲ್ಲುತ್ತದೆ, ಅತ್ತೆ ನಾಲ್ಕೈದು ಸಲ ಸಾವಕಾಶ ಉಸಿರಾಡುತ್ತಾರೆ, ಮುಗಿಯಿತು. ದಪ್ಪ ಹನಿಗಳು ಗಂಟಲ ಬದಲು ಕೊಳವೆಗೇ ಅಂಟುತ್ತವೆ. ಸ್ಟಿರಾಯ್ಡ್ ಇರುವ ಸ್ಪ್ರೇ ಆದರೆ ಬಾಯಿ ಮುಕ್ಕಳಿಸುವುದು ಮಾತ್ರ ತಪ್ಪಿಸಬಾರದು. ಎಣಿಕೆ ತೋರಿಸದ ಡಬ್ಬಿಯ ಉಪದ್ರ ಬೇರೆ: ಮದ್ದು ಮುಗಿದರೂ ಗ್ಯಾಸ್ ಪುಸ್ ಎನ್ನುತ್ತಲೇ ಇರುತ್ತದೆ. ನಮ್ಮದು 200 ಒತ್ತಿನದು, ದಿನಕ್ಕೆ ನಾಲ್ಕು, 50ನೇ ದಿನಕ್ಕೆ ಕ್ಯಾಲೆಂಡರಿನಲ್ಲಿ ಕೆಂಪು ಗುರುತು.

ನೆಬುಲೈಸರ್, ಅಂದರೆ ನೀರಿನಂಥ ಮದ್ದನ್ನು ಮಂಜು ಮಾಡಿ ಕೊಡುವ ಕರೆಂಟಿನ ಯಂತ್ರ. ಅದರ ಮೇಲೆ ಅತ್ತೆಗೆ ದೇವರ ಮೇಲಿನಷ್ಟೇ ನಂಬಿಕೆ. 2.5 ಮಿಲಿ ಮದ್ದು ಸುರಿದು ಮಾಸ್ಕ್ ಹಾಕಿ ಸುಮ್ಮನೆ ಕೂತರೆ ಹತ್ತು ನಿಮಿಷದಲ್ಲಿ ಆಯಿತು. ಸದ್ದು ಮಿಕ್ಸಿಯದ್ದು, ಟಿವಿ ಕೇಳುವುದಿಲ್ಲ. ಆದರೆ ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ತೆಂಗಿನ ಮಡಲು ಲೈನಿನ ಮೇಲೆ ಬಿದ್ದು ಕರೆಂಟು ಹೋಯಿತು, ಇನ್‌ವರ್ಟರ್ ಮೊದಲೇ ಕೈಕೊಟ್ಟಿತ್ತು, ಅತ್ತೆಗೆ ದಮ್ಮು. ಟಾರ್ಚ್ ಬೆಳಕಲ್ಲಿ, ಡಾಕ್ಟ್ರು ಬರೆದುಕೊಟ್ಟ ಲೆಕ್ಕದಂತೆ ಸ್ಪೇಸರಿನಲ್ಲೇ ಕೊಟ್ಟೆ. ಕಾಲು ಗಂಟೆಯಲ್ಲಿ ಮಾತಾಡುವಷ್ಟು ಸುಧಾರಿಸಿದರು. ಸಾಧಾರಣ ಅಟ್ಯಾಕಿಗೆ ಸ್ಪೇಸರೂ ನೆಬುಲೈಸರಿನಷ್ಟೇ ಕೆಲಸ ಮಾಡುತ್ತದೆ, ಇಳಿಯದಿದ್ದರೆ ಮಾತ್ರ ತಡ ಮಾಡದೆ ಆಸ್ಪತ್ರೆಗೆ ಬರಬೇಕು ಅಂತ ಮರುದಿನ ಡಾಕ್ಟ್ರು ಹೇಳಿದರು. ಬ್ಯಾಟರಿಯ ಮೆಶ್ (ಜಾಲರಿ) ನೆಬುಲೈಸರನ್ನು ನೆಂಟರಿಂದ ತಂದು ಒಂದು ವಾರ ನೋಡಿದೆ. ಸದ್ದಿಲ್ಲ, ಹಗುರ, ಆದರೆ ದುಬಾರಿ. ಸರಿ ತೊಳೆಯದಿದ್ದರೆ ಜಾಲರಿ ಕಟ್ಟಿಕೊಳ್ಳುತ್ತದೆ. ಹಿಂದೆ ಕೊಟ್ಟೆ.

ಈಗ ಬೇಸಿಗೆಗೆ ನನ್ನ ಬ್ಯಾಗಿನಲ್ಲಿ ಪುಡಿ, ಮಳೆಗಾಲಕ್ಕೆ ಡಾಕ್ಟ್ರನ್ನು ಕೇಳಿಯೇ ಸ್ಪ್ರೇ. ಅತ್ತೆಗೆ ವರ್ಷಪೂರ್ತಿ ಸ್ಪೇಸರ್. ನೆಬುಲೈಸರ್ ಕಪಾಟಿನಲ್ಲಿದೆ, ಬೇರೆಯವರಿಗೆ ಕೊಟ್ಟುಬಿಡಲು ಅವರು ಬಿಡುವುದಿಲ್ಲ. ಸ್ಪೇಸರನ್ನು ಸೋಪಿನ ನೀರಲ್ಲಿ ಅದ್ದಿ ಹಾಗೇ ಒಣಗಲು ಬಿಡಬೇಕು, ಒರೆಸಿದರೆ ಪ್ಲಾಸ್ಟಿಕ್‌ಗೆ ವಿದ್ಯುತ್ ಹಿಡಿದು ಮದ್ದು ಗೋಡೆಗೇ ಅಂಟುತ್ತದೆ ಎಂದು ನೂರು ಸಲ ಹೇಳಿದ್ದೇನೆ. ನಾನು ಬಸ್ಸಿಗೆ ಹೊರಟ ಮೇಲೆ ಅತ್ತೆ ಸೆರಗಿನಲ್ಲೇ ಒರೆಸುತ್ತಾರೆ.