ಜಿಪ್ಸಿ ಜಾಝ್ ಗಿಟಾರ್: ಸ್ಕೇಲ್, ಆರ್ಪೆಜಿಯೊ, ಕೇಳ್ಮೆ ಎಂಬ ಮೂರು ದಾರಿಗಳು

ಫ್ರಾನ್ಸಿನ ರೋಮಾನಿ ವಾದಕರು ಬೆಳೆಸಿದ ಜಿಪ್ಸಿ ಜಾಝ್ ಶೈಲಿಯ ಗಿಟಾರ್‌ನಲ್ಲಿ ಹಾರ್ಮನಿಯನ್ನೂ (ಒಟ್ಟಿಗೆ ನುಡಿಯುವ ಸ್ವರಗಳ ಹೊಂದಾಣಿಕೆಯನ್ನೂ) ಮನೋಧರ್ಮವನ್ನೂ ಕಲಿಯಹೊರಡುವವರಿಗೆ ಮುಖ್ಯವಾಗಿ ಮೂರು ದಾರಿಗಳಿವೆ: ಒಂದೇ ಸ್ಕೇಲನ್ನು (ಸ್ವರಶ್ರೇಣಿಯನ್ನು) ಹಿಡಿದು ನುಡಿಸುವುದು, ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗುಚ್ಛ) ಬದಲಾದಂತೆಲ್ಲ ಅದರ ಸ್ವರಗಳನ್ನು ಬಿಡಿಸಿ ಆರ್ಪೆಜಿಯೊಗಳಾಗಿ ನುಡಿಸುವುದು, ಹಳೆಯ ಧ್ವನಿಮುದ್ರಿಕೆಗಳ ಸೋಲೊಗಳನ್ನು ಕೇಳಿಯೇ ಕಲಿಯುವುದು. ಈ ಮೂರನ್ನೂ ನಾನು ಗಿಟಾರ್ ವಾದಕ ಜಾಂಗೊ ರೈನ್‌ಹಾರ್ಟ್ ಮತ್ತು ಪಿಟೀಲು ವಾದಕ ಸ್ಟೆಫಾನ್ ಗ್ರಾಪೆಲ್ಲಿ 1937ರಲ್ಲಿ ಧ್ವನಿಮುದ್ರಿಸಿದ ‘ಮೈನರ್ ಸ್ವಿಂಗ್’ ಮೇಲೆ ಪ್ರಯೋಗಿಸಿದ್ದೇನೆ. ಅದರ 16 ಬಾರ್‌ಗಳ (ತಾಳದ ಘಟಕಗಳ) ಆವರ್ತದಲ್ಲಿ ಎ ಮೈನರ್, ಡಿ ಮೈನರ್, ಇ ಸೆವೆನ್ ಎಂಬ ಮೂರು ಕಾರ್ಡ್‌ಗಳೇ ಪ್ರಧಾನವಾಗಿರುವುದರಿಂದ ಯಾವ ದಾರಿ ಏನನ್ನು ಕಲಿಸುತ್ತದೆ ಎಂಬುದು ಬೇಗನೆ ಕಿವಿಗೆ ಬೀಳುತ್ತದೆ.

ಕರ್ನಾಟಕ ಸಂಗೀತದ ಪರಿಚಯವಿರುವವರಿಗೆ ಸ್ಕೇಲಿನ ದಾರಿ ಬಹಳ ಆಕರ್ಷಕವಾಗಿ ಕಾಣುತ್ತದೆ, ಏಕೆಂದರೆ ಎ ಹಾರ್ಮೋನಿಕ್ ಮೈನರ್ ಎಂದರೆ ಎ ಅನ್ನು ಷಡ್ಜವಾಗಿಟ್ಟ ಕೀರವಾಣಿಯ ಸ್ವರಗಳೇ. ಬೆರಳುಗಳು ಕೂಡಲೇ ಓಡುತ್ತವೆ, ತಪ್ಪು ಸ್ವರವೆಂದು ಅನ್ನಿಸುವುದೂ ಕಡಿಮೆ. ಆದರೆ ರಾಗದಲ್ಲಿ ಎಲ್ಲಕ್ಕಿಂತ ಹೆಚ್ಚು ನೆಮ್ಮದಿ ಕೊಡುವ ಷಡ್ಜವೇ ಇಲ್ಲಿ ಮೊದಲ ಅಡ್ಡಿಯಾಗುತ್ತದೆ. ಹಿನ್ನೆಲೆಯಲ್ಲಿ ಇ ಸೆವೆನ್ ನುಡಿಯುತ್ತಿರುವಾಗ ಎ ಮೇಲೆ ನ್ಯಾಸ ಮಾಡಿದರೆ ಅದು ಆ ಕಾರ್ಡಿನ ಜಿ ಶಾರ್ಪ್‌ನೊಂದಿಗೆ ಘರ್ಷಿಸುತ್ತದೆ. ಅಲ್ಲದೆ ಈ ಶೈಲಿಯ ವಾದಕರು ಎ ಮೈನರ್ ಬದಲು ಹೆಚ್ಚಾಗಿ ಎ ಮೈನರ್ ಸಿಕ್ಸ್ ನುಡಿಸುತ್ತಾರೆ. ಅದರಲ್ಲಿರುವ ಎಫ್ ಶಾರ್ಪ್, ಅಂದರೆ ಚತುಃಶ್ರುತಿ ಧೈವತ, ಕೀರವಾಣಿಯಲ್ಲಿ ಇಲ್ಲವೇ ಇಲ್ಲ. ಮುಂದೆ ಡಿ ಮೈನರ್ ಬಂದಾಗ ಧೈವತವು ಶುದ್ಧ ಧೈವತವಾಗಿ ಇಳಿಯಬೇಕು. ಈ ಏರಿಳಿತವೇ ಈ ಸಂಗೀತದ ಸೊಗಸು. ಒಂದೇ ಸ್ಕೇಲಿಗೆ ಅಂಟಿಕೊಂಡವರಿಗೆ ಅದು ದಕ್ಕುವುದಿಲ್ಲ.

ಆರ್ಪೆಜಿಯೊ ದಾರಿಯ ಆರಂಭ ನೀರಸವಾಗಿದೆ, ಪ್ರತಿ ಕಾರ್ಡಿಗೂ ಫ್ರೆಟ್‌ಬೋರ್ಡಿನ ಉದ್ದಕ್ಕೂ ಸ್ವರಸ್ಥಾನಗಳನ್ನು ಬೇರೆಯಾಗಿ ಗಟ್ಟಿ ಮಾಡಿಕೊಳ್ಳಬೇಕಾಗುತ್ತದೆ. ಆದರೂ ಹಾರ್ಮನಿ ನನಗೆ ನಿಜವಾಗಿ ಅರ್ಥವಾದದ್ದು ಇದರಿಂದಲೇ. ಇ ಸೆವೆನ್ ಬಂದಾಗ ಜಿ ಶಾರ್ಪ್, ಬಿ, ಡಿ, ಎಫ್ ಎಂಬ, ಸ್ವರಗಳು ಮೂರು ಮೂರು ಫ್ರೆಟ್ ಅಂತರದಲ್ಲಿರುವ ಡಿಮಿನಿಶ್ಡ್ ಆರ್ಪೆಜಿಯೊವನ್ನು ನುಡಿಸಿ, ಅದೇ ಆಕಾರವನ್ನು ಮೂರು ಫ್ರೆಟ್ ಮೇಲಕ್ಕೆ ಸರಿಸಿದರೆ ಅವೇ ನಾಲ್ಕು ಸ್ವರಗಳು ಬೇರೊಂದು ಕ್ರಮದಲ್ಲಿ ಮತ್ತೆ ದೊರೆಯುತ್ತವೆ. ಕೊನೆಯ ಜಿ ಶಾರ್ಪನ್ನು ಎ ಮೇಲೆ, ಅಥವಾ ಎಫ್ ಅನ್ನು ಇ ಮೇಲೆ ಇಳಿಸಿದಾಗ, ಪಕ್ಕವಾದ್ಯವೇ ಇಲ್ಲದಿದ್ದರೂ ಕಾರ್ಡ್ ಬದಲಾದದ್ದು ಕೇಳುಗರಿಗೆ ತಿಳಿಯುತ್ತದೆ. ಆ ಸಾಮರ್ಥ್ಯಕ್ಕಾಗಿ ಎಷ್ಟು ನೀರಸ ಸಾಧನೆಯನ್ನಾದರೂ ಮಾಡಬಹುದು ಎಂದು ನಾನು ನಂಬುತ್ತೇನೆ.

ಕೇಳಿ ಕಲಿಯುವುದು ಮನೂಷ್ ಮತ್ತು ಸಿಂತಿ ಎಂಬ ರೋಮಾನಿ ಸಮುದಾಯಗಳ ಕುಟುಂಬಗಳ ಪರಂಪರಾಗತ ವಿಧಾನವಾಗಿದೆ. ಸ್ವತಃ ರೈನ್‌ಹಾರ್ಟ್ ಸ್ವರಲಿಪಿಯನ್ನು ಓದಲು ಕಲಿತವರಲ್ಲ. 1928ರ ಬೆಂಕಿ ಅನಾಹುತದಲ್ಲಿ ಎಡಗೈಯ ಉಂಗುರದ ಬೆರಳು, ಕಿರುಬೆರಳುಗಳಿಗೆ ತೀವ್ರ ಹಾನಿಯಾದ ಮೇಲೆ ಅವರು ಸೋಲೊಗಳನ್ನು ಬಹುತೇಕ ಎರಡೇ ಬೆರಳುಗಳಲ್ಲಿ ನುಡಿಸಿದರು. ಅವರ ಒಂದು ಸಾಲನ್ನು ನಿಧಾನಗೊಳಿಸಿ ಕೇಳಿ, ಅದೇ ಎರಡು ಬೆರಳುಗಳಿಂದ ನುಡಿಸಲು ಯತ್ನಿಸಿದರೆ, ಕೈ ಒಂದೆಡೆ ನಿಲ್ಲದೆ ತಂತಿಗಳ ಮೇಲೆ ಓರೆಯಾಗಿ ಏಕೆ ಸಾಗುತ್ತದೆ ಎಂಬುದು ಅನುಭವಕ್ಕೆ ಬರುತ್ತದೆ. ಕಾರ್ಡಿನ ಸ್ವರವನ್ನು ಅರ್ಧ ಸ್ವರ ಕೆಳಗಿನಿಂದ ಮುಟ್ಟುವ ರೀತಿ, ಬಾರ್‌ಗೆ ಮುಂಚೆಯೇ ಶುರುವಾಗುವ ಸಾಲು, ನಡುವಿನ ಮೌನ ಇವೆಲ್ಲ ಸಿಗುವುದು ಇಲ್ಲಿ ಮಾತ್ರ. ಆದರೆ ಕಾರ್ಡ್‌ಗಳ ಅರಿವಿಲ್ಲದೆ ಎತ್ತಿಕೊಂಡ ಸಾಲು ಆ ಒಂದು ಕೃತಿಯಲ್ಲೇ ಉಳಿದುಬಿಡುತ್ತದೆ, ಇನ್ನೊಂದಕ್ಕೆ ಹೊಂದಿಸಲು ಬರುವುದಿಲ್ಲ.

ಆದ್ದರಿಂದ ಹೊಸಬರಿಗೆ ನಾನು ಆರ್ಪೆಜಿಯೊವನ್ನೇ ಮೊದಲು ಸೂಚಿಸುತ್ತೇನೆ, ಅದೂ ‘ಲಾ ಪಾಂಪ್’ ಎಂಬ ತಾಳದ ಹೊಡೆತವನ್ನು ತಾವೇ ನಿಧಾನ ಲಯದಲ್ಲಿ ಧ್ವನಿಮುದ್ರಿಸಿಕೊಂಡು ಅದರ ಮೇಲೆ ನುಡಿಸುವ ಕ್ರಮದಲ್ಲಿ. ಮೂರು ಕಾರ್ಡ್‌ಗಳ ಸ್ವರಗಳು ಬೆರಳಿಗೆ ಹತ್ತಿದ ಮೇಲೆ ಧ್ವನಿಮುದ್ರಿಕೆಯಿಂದ ಒಂದೊಂದೇ ಸಾಲನ್ನು ಎತ್ತಿ, ಅದು ಯಾವ ಕಾರ್ಡಿನ ಮೇಲೆ ಕುಳಿತಿದೆ ಎಂದು ಗುರುತಿಸಿ, ಇನ್ನೊಂದು ಶ್ರುತಿಗೆ ಸರಿಸಿ ನುಡಿಸಬೇಕು. ಸ್ಕೇಲನ್ನು ಆ ಸ್ವರಗಳನ್ನು ಬೆಸೆಯುವ ಅಷ್ಟಕ್ಕೆ ಬಳಸಿದರೆ ಸಾಕು.