ಸಾಲ್ಮನ್ ಸ್ಪೂನ್ ಚಂದ್ರಗಿರಿ ಅಳಿವೆಗೆ ಆದೀತೇ?

ಗಾಳದ ಸಾಮಾನಿನ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ‘ಸಾಲ್ಮನ್ ಸ್ಪೂನ್’ ಹೆಸರಿನ ತಗಡಿನ ಹುಸಿಮೀನು ಈಗ ಸುಲಭವಾಗಿ ಸಿಗುತ್ತದೆ. ಬೆಳ್ಳಿ ಅಥವಾ ತಾಮ್ರದ ಬಣ್ಣದ ಲೇಪದ ಹಿತ್ತಾಳೆ ಎಲೆ, ಎರಡು ತುದಿಗೂ ಒಂದೊಂದು ಸ್ಪ್ಲಿಟ್ ರಿಂಗ್ (ಕೀಲಿಕೈ ಬಳೆಯಂಥ ಉಂಗುರ), ಹಿಂದೆ ಬಾರ್ಬ್ (ಮೀನು ಜಾರದಂತೆ ತಡೆಯುವ ಹಿಮ್ಮುಳ್ಳು) ಇಲ್ಲದ ಒಂಟಿ ಕೊಕ್ಕೆ, ಇಷ್ಟೇ. ಇಲ್ಲಿ ನೋಡುತ್ತಿರುವುದು 28 ಮತ್ತು 40 ಗ್ರಾಮಿನ ಅಳತೆಗಳನ್ನು. ತುಲಾಮಳೆ (ಹಿಂಗಾರು) ಹಿಂದೆ ಸರಿದ ಮೇಲೆ, ಅಂದರೆ ನವೆಂಬರ್ ಕೊನೆಯಿಂದ, ಚಂದ್ರಗಿರಿಯಂಥ ಕಾಸರಗೋಡಿನ ಅಳಿವೆಗಳಿಗೆ 28 ಗ್ರಾಮಿನದ್ದು ಒಳ್ಳೆಯ ಸಾಮಾನು. ಆದರೆ ಪ್ಯಾಕೆಟಿನಿಂದ ತೆಗೆದ ಹಾಗೆಯೇ ಕಟ್ಟಿ ಎಸೆಯುವಂಥದ್ದಲ್ಲ. 40 ಗ್ರಾಮಿನದ್ದು ಈ ಕಡೆಗೆ ಬೇಡವೇ ಬೇಡ.

ಕಾರಣ, ಅದು ಬೇರೆಯೇ ನೀರಿಗೆ, ಸಾಲ್ಮನ್ ಮೀನಿನ ನೀರಿಗೆ ಹೇಳಿ ಮಾಡಿಸಿದ್ದು. ಉದಾಹರಣೆಗೆ, ಕೆನಡಾದ ಪಶ್ಚಿಮ ಕರಾವಳಿಯಾಚೆ ಹೈಡಾ ಗ್ವಾಯ್ ಎಂಬ ದ್ವೀಪಗಳಿವೆ. 2010ರವರೆಗೆ ಅವುಗಳ ಅಧಿಕೃತ ಹೆಸರು ಕ್ವೀನ್ ಷಾರ್ಲೆಟ್ ದ್ವೀಪಗಳು. ಅಲ್ಲಿನ ಗ್ರಹಾಂ ದ್ವೀಪದ ಟ್ಲೆಲ್ ನದಿಗೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಕೊಹೊ ಸಾಲ್ಮನ್ ಏರುತ್ತದೆ. ಋತುವಿನ ಕೊನೆಯ ಈ ಮೀನು ಮೊಟ್ಟೆ ಇಡಲು ಹೊರಟದ್ದು. ನದಿ ಸೇರುವ ಹೊತ್ತಿಗೆ ಅದು ತಿನ್ನುವುದನ್ನು ಬಹುಮಟ್ಟಿಗೆ ನಿಲ್ಲಿಸಿರುತ್ತದೆ. ಕಣ್ಣೆದುರು ಹೊಳೆದು ಕೆಣಕುವ ವಸ್ತುವಿನ ಮೇಲೆ ಸಿಟ್ಟಿಗೆದ್ದು ಬೀಳುತ್ತದೆಯೇ ಹೊರತು ಹಸಿವಿನಿಂದಲ್ಲ. ನೀರು ತಣ್ಣಗೆ, ಸಮುದ್ರದ ಏರಿಳಿತ ಕೆಲವೆಡೆ ಏಳು ಮೀಟರಿನಷ್ಟು, ಸೆಳೆತ ಜೋರು. ಹಾಗಾಗಿ ನಿಧಾನ ಎಳೆದರೂ ಅಗಲವಾಗಿ ಓಲಾಡುವ, ಸೆಳೆತದಲ್ಲೂ ಕೆಳಗಿಳಿಯುವ ಭಾರದ ತಗಡು ಅಲ್ಲಿಗೆ ಬೇಕು. ಕೊಕ್ಕೆಗೆ ಬಾರ್ಬ್ ಇಲ್ಲದ್ದಕ್ಕೂ ಕಾರಣವಿದೆ: ಈ ದ್ವೀಪಗಳಿರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸಮುದ್ರದಲ್ಲಿ ಸಾಲ್ಮನ್‌ಗೆ ಬಾರ್ಬ್ ಇಲ್ಲದ ಕೊಕ್ಕೆ ಕಡ್ಡಾಯ.

ನಮ್ಮಲ್ಲಿ ಎಲ್ಲವೂ ತಿರುಗುಮುರುಗು. ಏರಿಳಿತ ಒಂದೂವರೆ ಮೀಟರ್ ದಾಟುವುದು ಅಪರೂಪ. ನೀರು ಬೆಚ್ಚಗೆ. ಅಳಿವೆ ಬಾಯಿಯಲ್ಲಿ ಬೊಳಿಂಜೀರ್ ಎಂಬ ಸಣ್ಣ ಮೀನನ್ನು ಅಟ್ಟಿಕೊಂಡು ಬರುವ ವಟ್ಟ (ಟ್ರೆವಲಿ), ಶೀಲಾವು (ಬರಾಕುಡ) ಮೀನುಗಳಿಗೆ ಹಸಿವೋ ಹಸಿವು. ನಿಧಾನ ಬರುವ ತಗಡನ್ನು ಹಿಂಬಾಲಿಸಿ, ಹತ್ತಿರ ನೋಡಿ, ತಿರುಗಿ ಹೋಗುತ್ತವೆ. ವೇಗ ಬೇಕು. ತೊಂದರೆ ಶುರುವಾಗುವುದು ಅಲ್ಲೇ. 4000 ಅಳತೆಯ (ಮಧ್ಯಮ ಗಾತ್ರದ) ರೀಲಿನಲ್ಲಿ ಸೆಕೆಂಡಿಗೆ ಒಂದು ಸುತ್ತು ಎಳೆದರೆ ಸ್ಪೂನ್ ಚೆನ್ನಾಗಿ ಓಲಾಡುತ್ತದೆ; ಎರಡು ಸುತ್ತಿಗೆ ಹೋದರೆ ಓಲಾಟ ಬಿಟ್ಟು ಗಿರಗಿರನೆ ತಿರುಗುತ್ತದೆ. ಹುರಿ ತಿರುಚಿಕೊಂಡು, ನಾಲ್ಕು ಎಸೆತದೊಳಗೆ ಬ್ರೇಡ್ (ಹೆಣೆದ ಹುರಿ) ಗಂಟು ಬೀಳುತ್ತದೆ.

ಇದಕ್ಕೆ ಮದ್ದು ತಗಡಿನ ಬಾಗನ್ನು ಸ್ವಲ್ಪ ಕಡಿಮೆ ಮಾಡುವುದು. ಬಾಗು ಹೆಚ್ಚಿದಷ್ಟೂ ಓಲಾಟ ಅಗಲ, ಆದರೆ ವೇಗ ತಾಳದು. ಚಪ್ಪಟೆಯಾದಷ್ಟೂ ಓಲಾಟ ಕಿರಿದು, ವೇಗ ತಾಳುತ್ತದೆ. ಬಟ್ಟೆ ಸುತ್ತಿದ ಎರಡು ಇಕ್ಕಳದಿಂದ ಬಾಲದ ಕಡೆಯ ಬಾಗನ್ನು ಮಾತ್ರ ಕೂದಲೆಳೆಯಷ್ಟು ನೇರ ಮಾಡಿ, ಕಾಲಬುಡದ ನೀರಿನಲ್ಲಿ ಎಳೆದು ನೋಡಿ, ಬೇಕಾದರೆ ಇನ್ನೊಮ್ಮೆ. ಒಂದೇ ಸಲ ಒತ್ತಿ ಬಗ್ಗಿಸಿದರೆ ಲೇಪ ಬಿರಿಯುತ್ತದೆ. ಬಿರಿದ ಜಾಗಕ್ಕೆ ಬಣ್ಣವಿಲ್ಲದ ನೈಲ್ ಪಾಲಿಶ್ ಎರಡು ಕೋಟ್ ಸಾಕು. ಸ್ಪೂನಿನ ಮೇಲೆ ಹೊಳಪಿನ ಸ್ಟಿಕರ್ ಇದ್ದರೆ ಅದರ ಅಂಚಿಗೂ ಅದನ್ನೇ ಹಚ್ಚಿಡಿ. ಮರಳಿಗೆ ಉಜ್ಜಿ ಮೊದಲು ಏಳುವುದು ಆ ಅಂಚು. ಲೀಡರಿಗೂ (ಹುರಿಯ ತುದಿಗೆ ಕಟ್ಟುವ ಗಟ್ಟಿ ದಾರ) ಸ್ಪೂನಿಗೂ ನಡುವೆ ಬಾಲ್ ಬೇರಿಂಗ್ ಸ್ವಿವೆಲ್ (ಹುರಿ ತಿರುಚದಂತೆ ತಿರುಗುವ ಕೀಲು) ಇರಲೇಬೇಕು, ಮಾಮೂಲಿ ಬ್ಯಾರಲ್ ಸ್ವಿವೆಲ್ ಭಾರ ಬಿದ್ದಾಗ ತಿರುಗುವುದೇ ಇಲ್ಲ.

ಇನ್ನು ಕೊಕ್ಕೆ. ಜೊತೆಗೆ ಬರುವುದು ತೆಳು ತಂತಿಯದ್ದು. ತೆರೆದ ಮರಳಿನಲ್ಲಿ ಆಡಿಸಿ ದಣಿಸುವ ಮೀನಿಗೆ ಅದು ಸಾಕು. ಬಂದರಿನ ಕಲ್ಲಿನ ತಡೆಗೋಡೆಯ ಬದಿಯಲ್ಲಿ ವಟ್ಟವೋ ಚೆಂಬಲ್ಲಿಯೋ (ಕೆಂಪು ಸ್ನ್ಯಾಪರ್) ಸಿಕ್ಕಿದರೆ ಕಲ್ಲಿನೆಡೆಗೆ ನುಗ್ಗದಂತೆ ತಡೆಹಿಡಿಯಬೇಕು. ಆಗ ಕೊಕ್ಕೆ ನೆಟ್ಟಗಾಗಿ ಬರುತ್ತದೆ. ದಪ್ಪ ತಂತಿಯ 3/0 ಒಂಟಿ ಕೊಕ್ಕೆಗೆ ಬದಲಿಸಿ. ಅದಕ್ಕಿಂತ ದೊಡ್ಡ 5/0 ಹಾಕುವ ಆಸೆ ಬೇಡ: ಬಾಲಕ್ಕೆ ಭಾರ ಹೆಚ್ಚಾದರೆ ಸ್ಪೂನ್ ಅಲ್ಲಾಡದೆ ಕೋಲಿನ ಹಾಗೆ ಬರುತ್ತದೆ. ತೀರಾ ಸಣ್ಣದಾದರೆ ಕಚ್ಚುವಾಗ ತಗಡೇ ಅಡ್ಡ ಬಂದು ಕೊಕ್ಕೆ ನಾಟುವುದಿಲ್ಲ. ಹಿಂದಿನ ರಿಂಗನ್ನೂ 50 ಪೌಂಡ್ ತಾಳುವುದಕ್ಕೆ ಬದಲಿಸಿ. ತ್ರಿಶೂಲದ ಕೊಕ್ಕೆ ಹಾಕುವವರಿದ್ದಾರೆ. ಅಳಿವೆಯಲ್ಲಿ ತೇಲುವ ಪ್ಲಾಸ್ಟಿಕ್, ಹರಕು ಬಲೆ ಎಲ್ಲವನ್ನೂ ಗುಡಿಸಿಕೊಂಡು ಬರಲಿಕ್ಕೆ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ.

ಕೋಲು 9 ಅಡಿ, 15ರಿಂದ 40 ಗ್ರಾಂ ಎಸೆಯುವಂಥದ್ದು. ಹುರಿ 30 ಪೌಂಡ್ ಬ್ರೇಡ್, ಲೀಡರ್ 40 ಪೌಂಡಿನದ್ದು ಒಂದು ಮೀಟರ್, ನಡುವೆ ಬ್ರೇಡನ್ನು ಲೀಡರಿಗೆ ಹೆಣೆದು ಸೇರಿಸುವ ಎಫ್‌ಜಿ ಗಂಟು. ಡ್ರ್ಯಾಗ್ (ಮೀನು ಎಳೆದಾಗ ರೀಲು ಹುರಿ ಬಿಡುವ ಬಿಗಿ) ಹುರಿಯ ಬಲದ ಕಾಲುಭಾಗ, ಅಂದರೆ ಸುಮಾರು 3.4 ಕಿಲೋ. ಶೀಲಾವಿನ ಹಲ್ಲಿಗೆ ಹೆದರಿ ಉಕ್ಕಿನ ತಂತಿ ಕಟ್ಟಿದರೆ ತಿಳಿನೀರಿನಲ್ಲಿ ಕಚ್ಚುವುದು ಕಡಿಮೆಯಾಗುತ್ತದೆ. ಅದಕ್ಕಿಂತ ಪ್ರತಿ ಮೀನಿನ ನಂತರ ಲೀಡರನ್ನು ಬೆರಳಿನಲ್ಲಿ ಸವರಿ, ಗೀರು ಬಿದ್ದಲ್ಲಿ ಕತ್ತರಿಸಿ ಮತ್ತೆ ಕಟ್ಟುವುದು ಮೇಲು.

ಚಂದ್ರಗಿರಿಯಲ್ಲಿ ಇಳಿತದ ಕೊನೆಯ ಎರಡು ತಾಸು ಇದರ ಹೊತ್ತು. ಹೊಳೆಯ ನೀರಿನೊಡನೆ ಸಣ್ಣ ಮೀನೂ ಹೊರಬೀಳುತ್ತದೆ, ದೊಡ್ಡವು ಬಣ್ಣ ಬದಲಾಗುವ ಗೆರೆಯ ಆಚೆ ಕಾಯುತ್ತವೆ. ಆ ಗೆರೆ ದಾಟಿಸಿ ಎಸೆದು, ಓರೆಯಾಗಿ ಎಳೆಯಿರಿ. ಘಟ್ಟದ ಕಡೆ ರಾತ್ರಿ ಮಳೆ ಸುರಿದಿದ್ದರೆ ಮರುದಿನ ಮೇಲೆ ಕದಡಿದ ಸಿಹಿನೀರು, ಅಡಿಯಲ್ಲಿ ಭಾರದ ಉಪ್ಪುನೀರು ಇರುತ್ತದೆ. ಮೀನು ಇರುವುದು ಅಡಿಯಲ್ಲಿ. ಸ್ಪೂನ್ ನೀರಿಗೆ ಬಿದ್ದೊಡನೆ ಎಳೆಯದೆ, ಹುರಿ ಸಡಿಲ ಬಿಡದೆ, ನಾಲ್ಕೈದು ಎಣಿಸಿ. ಇಳಿಯುವಾಗಲೇ ಕಚ್ಚುವುದೂ ಉಂಟು. ಅಂಥ ದಿನಕ್ಕೆ ತಾಮ್ರದ ಬಣ್ಣ, ತಿಳಿನೀರಿಗೆ ಬೆಳ್ಳಿ. 40 ಗ್ರಾಮಿನದ್ದು ಸೋಲುವುದೂ ಇಲ್ಲೇ: ಆಳ ಕಡಿಮೆ, ಸೆಳೆತ ಸಾಲದು, ಎರಡು ಎಣಿಸುವಷ್ಟರಲ್ಲಿ ಮರಳು ಕೆರೆಯುತ್ತದೆ.

ಶಿರಿಯ, ಮೊಗ್ರಾಲ್ ಅಳಿವೆಗಳು ಇನ್ನೂ ಸಣ್ಣವು, 28 ಗ್ರಾಂ ಕೂಡ ಕೆಲವೆಡೆ ಹೆಚ್ಚೇ. ಒಳಗಿನ ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ನಡುವೆ ಕುರುಡಿ ಎಂಬ ಮೀನಿಗಾಗಿ ಇದನ್ನು ಎಸೆಯುವುದು ದುಡ್ಡು ಎಸೆದ ಹಾಗೆ. ಅಲ್ಲಿಗೆ ಜೀವಂತ ಸಿಗಡಿ ಅಥವಾ ಮೆದು ರಬ್ಬರಿನ ಮೀನು. ಮೊಗವೀರರು ಕಟ್ಟಿದ ಬಲೆಯ ತೇಲುಬುರುಡೆ ಕಂಡರೆ ಅದರ ಮೇಲಿಂದ ಎಸೆಯಲೇಬೇಡಿ. ತುಲಾಮಳೆ ಪೂರ್ತಿ ಮುಗಿಯುವ ಮೊದಲು ಹೋಗುವುದಾದರೆ ಸಂಜೆಯ ಗುಡುಗಿಗೆ ಕೋಲು ಮಡಚಿ ಹೊರಡಿ, ಕಾರ್ಬನ್ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ.

ಕೊಳ್ಳುವಾಗ ಸಣ್ಣ ಅಯಸ್ಕಾಂತ ಜೇಬಿನಲ್ಲಿರಲಿ. ಹಿತ್ತಾಳೆ ಅದಕ್ಕೆ ಅಂಟುವುದಿಲ್ಲ. ಅಗ್ಗದ ನಕಲುಗಳಲ್ಲಿ ಹಲವು ಕಬ್ಬಿಣದ ತಗಡು. ಲೇಪ ಗೀರಿದ ವಾರದಲ್ಲೇ ತುಕ್ಕು. ಅಸಲಿಯಲ್ಲೂ ಹಿತ್ತಾಳೆಗೆ ತಾಗಿದ ಉಕ್ಕಿನ ಕೊಕ್ಕೆ ಉಪ್ಪುನೀರಿನಲ್ಲಿ ಮೊದಲು ಸವೆಯುತ್ತದೆ. ಹಾಗಾಗಿ ಒದ್ದೆ ಸ್ಪೂನನ್ನು ಡಬ್ಬಿಗೆ ಹಾಕಿ ಮುಚ್ಚಬೇಡಿ. ಸಿಹಿನೀರಿನಲ್ಲಿ ತೊಳೆದು, ಒರೆಸಿ, ಕೊಕ್ಕೆ ಕಳಚಿ ಬೇರೆ ಇಡಿ. ಒಂದು ಬೆಳ್ಳಿ, ಒಂದು ತಾಮ್ರ, ಜೊತೆಗೆ ನಾಲ್ಕು ಬದಲಿ ಕೊಕ್ಕೆ ಇದ್ದರೆ ಜನವರಿಯವರೆಗೆ ಬೇರೇನೂ ಕೊಳ್ಳಬೇಕಿಲ್ಲ.